ಮಾವನ ಶುದ್ಧ ಬೇಸು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದಕ್ಕೆ ಶ್ರೀನಿವಾಸಪುರದಲ್ಲಿ ಬೇಕಾದಷ್ಟು ಜನರಿದ್ದಾರೆ! ಮದುವೆಮನೆಗೆ ಹೋದರೆ ಎಲ್ಲರೂ ಊಟದ ಸಾಲಿನತ್ತ ನಡೆದರೆ ಇವರು ಸ್ಪೀಕರಿನ ಮುಂದೆ ನಿಂತು ಮುಖ ಕಿವುಚುತ್ತಾರೆ. ಸದ್ದು ಜೋರಾಯಿತೆಂದಲ್ಲ, ಬೇಸು ಗೊಜ್ಜಾಯಿತೆಂದು!

ಹೋದ ವರ್ಷ ಅವರ ಮನೆಗೆ ಸಬ್‌ವೂಫರ್ ಬಂತು. ಬೇಸು ಎಂಬ ಆ ತಗ್ಗಿನ ಸದ್ದನ್ನಷ್ಟೇ ಹೊರಡಿಸುವ ಕಪ್ಪು ಪೆಟ್ಟಿಗೆ. ಅದನ್ನೆಲ್ಲಿಡಬೇಕು? ಮಾವ ಎಲ್ಲಿಂದಲೋ ಒಂದು ಉಪಾಯ ಕಲಿತುಬಂದಿದ್ದರು. ಕೇಳಲು ಕೂರುವ ಮಂಚದ ಮೇಲೆ ಪೆಟ್ಟಿಗೆಯನ್ನು ಕೂರಿಸಿ, ಹಾಡು ಹಚ್ಚಿ, ತಾವು ಗೋಡೆಯ ಪಕ್ಕ ಅಂಬೆಗಾಲಿಡುವುದು. ಎಲ್ಲಿ ಸದ್ದು ಶುದ್ಧವಾಗಿ ಕೇಳುವುದೋ ಅದೇ ಪೆಟ್ಟಿಗೆಯ ಜಾಗ.

ಹಾಗೆ ಅಂಬೆಗಾಲಿಡುತ್ತಿದ್ದ ಭಾನುವಾರವೇ ಅವರ ಮಗಳನ್ನು ನೋಡಲು ದೇವರಾಯಸಮುದ್ರದಿಂದ ಗಂಡಿನ ಕಡೆಯವರು ಬರಬೇಕೆ? ಗಂಡಿನ ತಂದೆ ಬಾಗಿಲಲ್ಲೇ ನಿಂತು ಏನು ಕಳೆದುಹೋಯಿತೆಂದು ವಿಚಾರಿಸಿದರು. ಮಾವ ತಲೆಯೆತ್ತದೆ, "ಸದ್ದು ಹುಡುಕ್ತಾ ಇದೀನಿ" ಅಂದರು. ಆ ಪುಣ್ಯಾತ್ಮರಿಗೆ ಅದು 'ಸರ' ಎಂದು ಕೇಳಿಸಿತೋ ಏನೋ, ಪಂಚೆ ಎತ್ತಿ ಕಟ್ಟಿ ಮಂಚದ ಕೆಳಗೆ ನುಗ್ಗಿಯೇಬಿಟ್ಟರು! ಸಂಬಂಧ ಕುದುರಿತು. ಮನೆತನ ಒಳ್ಳೆಯದು, ಮಂಚದ ಕೆಳಗೆ ಮಾತ್ರ ಗುಡಿಸುವುದಿಲ್ಲ ಎಂದು ಅವರು ಊರಿನಲ್ಲಿ ಹೇಳಿದರಂತೆ.

ಶುದ್ಧ ಸದ್ದು ಸಿಕ್ಕಿದ್ದು ರಾಗಿ ಡ್ರಮ್ಮಿನ ಜಾಗದಲ್ಲಿ. ಡ್ರಮ್ಮು ದೇವರ ಕೋಣೆಗೆ ಹೋಯಿತು. ಆಮೇಲೆ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಪ್ರತಿ ಪೆಟ್ಟಿಗೂ ಝಣಗುಟ್ಟತೊಡಗಿದವು. ಮಾವ ತಟ್ಟೆ ತಟ್ಟೆಯ ನಡುವೆ ಟವಲ್ಲು ತುರುಕಿದರು. ಮೂಲೆಗಳಲ್ಲಿ ಸದ್ದು ಗುಂಯ್‌ಗುಡುತ್ತದೆಂದು ಹಾಸಿಗೆಗಳನ್ನೆಲ್ಲ ಸುತ್ತಿ ಮೂಲೆಗೊಂದು ನಿಲ್ಲಿಸಿದರು. ಮದುವೆಗೆ ಬಂದ ನಾವು ಚಾಪೆಯ ಮೇಲೆ ಮಲಗಿದೆವು. ಹಾಸಿಗೆಗಳು ನಿಂತೇ ಇದ್ದವು!

ಮೊನ್ನೆ ಮಧ್ಯಾಹ್ನ ಕೋಲಾರದಿಂದ ಬಸ್ಸು ಹತ್ತಿ ಹೋಗಿದ್ದೆ. ಇಷ್ಟೆಲ್ಲ ಯಾಕೆ, ವಾಲ್ಯೂಮ್ ಜಾಸ್ತಿ ಮಾಡಿದರೆ ಸಾಲದೇ ಎಂದು ಕೇಳಿದೆ. ಮಾವ ಮಂಚದ ಕಡೆ ನೋಡಿದರು. ಎರಡು ವರ್ಷದಿಂದೀಚೆಗೆ ನಮ್ಮ ಅತ್ತೆಗೆ ಕಿವಿ ಪೂರ್ತಿ ಹೋಗಿದೆ. ಹುಡುಗಿಯಾಗಿದ್ದಾಗ ಮುಳಬಾಗಿಲಿನಲ್ಲಿ ಸಂಗೀತ ಕಲಿತವರು. ಅವರು ಮಂಚದ ಹಲಗೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ಕೂತಿದ್ದರು.

"ಜೋರು ಮಾಡಿದ್ರೆ ಎಲ್ಲಾ ಒಂದೇ ನಡುಕ ಆಗ್ಬಿಡ್ತದೆ ಕಣೋ," ಅಂದರು ಮಾವ. "ಅವಳ ಕೈಗೆ ಮೃದಂಗದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಸಿಗ್ಬೇಕು."

ಮಾವ ಹೋಗಿ ಅತ್ತೆಯ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕತೊಡಗಿದರು. ಅತ್ತೆ ಕಣ್ಣು ತೆರೆದು ಒಂದು ಗಳಿಗೆ ಆ ಕೈಯನ್ನೇ ನೋಡಿ, ಮೆಲ್ಲಗೆ ಅದನ್ನು ಹಿಡಿದು ನಿಲ್ಲಿಸಿದರು.

"ಓಡ್ತಾ ಇದೀರ," ಅಂದರು. "ನಿಧಾನ."