ನಮ್ಮ ಟಗರಿನವರಿಗೆ, ಗೂಟ ಹೊಡೆದ ಜಾಗದ ಬಗ್ಗೆ

ಪಾಪಿರೆಡ್ಡಿಪಟ್ಟಿ ಬಳಿ,
ಆನಿ ತಿಂಗಳು (ಜೂನ್), 1996

ಮಾನ್ಯ ಟಗರು ಮಹಾಶಯರೇ,

ಕೊಂಬಿನ ತುದಿಯಿಂದ ಗೊರಸಿನವರೆಗೆ ತಮಗೆ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ದಿನವೂ ತಮಗೆ ಹುರುಳಿ ಬೇಯಿಸಿ ಇಡುವವಳು ನಾನೇ ತಾನೆ. ಈ ಪತ್ರವನ್ನು ತಮ್ಮ ಕೊಟ್ಟಿಗೆಯ ಬಾಗಿಲಿಗೇ ಅಂಟಿಸುತ್ತೇನೆ, ಓದಲು ಬಾರದಿದ್ದರೆ ತಮ್ಮ ಯಜಮಾನರು ಓದಿ ಹೇಳುತ್ತಾರೆ. ಅವರು ನನಗೂ ಯಜಮಾನರೇ. ಚಳಿ ಮುಗಿಯುವ ಮಾಸಿ ತಿಂಗಳಿಂದ ಅವರೊಡನೆ ಮಾತು ಬಿಟ್ಟಿರುವುದರಿಂದ ತಮ್ಮ ಮೂಲಕ ಹೋಗಬೇಕಾಗಿದೆ.

ಏರ್ಕಾಡಿನ ಹೂತೋಟದಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಮುನಿಸ್ವಾಮಿ ಕೊಟ್ಟ ಕೆಂಪು ಲಿಲ್ಲಿಯ ಗೆಡ್ಡೆಯೊಂದನ್ನು ಹಿತ್ತಲಲ್ಲಿ ನೆಟ್ಟಿದ್ದೆ. ಮಳೆಗಾಲವೆಲ್ಲ ಎಲೆ ಬಿಟ್ಟು, ಚಳಿಗೆ ಎಲೆ ಒಣಗಿಸಿಕೊಂಡು ಮಣ್ಣೊಳಗೆ ಮಲಗಿ, ಬಿಸಿಲೇರುವಾಗ ದಂಟು ಎತ್ತಿ ಅಂಗೈಯಗಲದ ಹೂ ಬಿಡುವುದು ಅದರ ಪದ್ಧತಿ. ಮುಡಿಯಲೂ ಆಗದ, ಪಲ್ಯಕ್ಕೂ ಬಾರದ ಈ ಹೂವನ್ನು ಮನೆಯಲ್ಲಿ ಮೆಚ್ಚಿದವರು ನನ್ನ ಅತ್ತೆ ಗುಂಡಮ್ಮನವರೊಬ್ಬರೇ. ವರ್ಷವೆಲ್ಲ ಗೋಡೆಗೊರಗಿ “ನಂದಾಯ್ತು, ಇನ್ನೆಷ್ಟು ದಿನ” ಎನ್ನುವವರು, ಚಳಿ ಬಂದೊಡನೆ “ಈ ಸಲ ಊ ನೋಡ್ಬುಟ್ಟೇ ಓಯ್ತೀನಿ” ಎಂದು ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದರು.

ಅಲ್ಲಿಗೆ ತಮ್ಮ ಸವಾರಿ ದಯಮಾಡಿಸಿತು. ಖಾಲಿ ನೆಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿಸುವುದು ನಮ್ಮ ಕಡೆಯ ವಾಡಿಕೆ. ಗೆಡ್ಡೆ ಮಲಗಿದ್ದ ಹಿತ್ತಲನ್ನು ಕಂಡ ತಮ್ಮ ಯಜಮಾನರು “ನೆಲ ಸುಮ್ನೆ ಬಿದ್ದೈತಲ್ಲಾ” ಎಂದು ಮಂದೆ ತುಂಬಿಸಿ, ತಮ್ಮನ್ನು ಕಟ್ಟಲು ಮೆತ್ತನೆಯ ಮಣ್ಣು ಹುಡುಕಿದರು. ಮೆತ್ತನೆಯ ಮಣ್ಣು ಇದ್ದದ್ದು ಒಂದೇ ಕಡೆ, ಅದನ್ನು ಕೆದಕಿ ಹದ ಮಾಡಿದವಳು ನಾನು. ಅಬ್ಬಬ್ಬಾ, ಎಂಥ ಗುರಿ! ಅಷ್ಟು ದೊಡ್ಡ ಹಿತ್ತಲಲ್ಲಿ ಗೂಟ ಇಳಿದದ್ದು ಗೆಡ್ಡೆಯ ನೆತ್ತಿಗೇ. ಮಿಕ್ಕದ್ದನ್ನು ತಾವು ಹಗ್ಗ ಜಗ್ಗಿ, ಸುತ್ತು ಹೊಡೆದು ಪೂರೈಸಿದಿರಿ. ತೊಪ್ಪೂರು ಘಾಟಿಯಲ್ಲಿ ಬಂಡೆ ಒಡೆಯುವವರಿಗೆ ತಾವಿಬ್ಬರೂ ಸಿಕ್ಕಿದ್ದರೆ ಸಿಡಿಮದ್ದಿನ ಖರ್ಚೇ ಉಳಿಯುತ್ತಿತ್ತು.

ಹೂವಿನ ಕಾಲ ಬಂದು ಹೋಯಿತು. ಕಣ್ಣು ಮಂಜಾದ ಅತ್ತೆ ಬರಿಯ ಮಣ್ಣನ್ನು ನೋಡಿ “ಊ ಬಂತಾ?” ಎಂದು ದಿನವೂ ಕೇಳಿದರು, ನಾನು ದಿನವೂ “ಈ ಸಲ ತಡ” ಎಂದೆ. ಬೇರೆ ಗೆಡ್ಡೆ ತರಿಸೋಣವೆಂದರೆ ಮುನಿಸ್ವಾಮಿ ಇರುವ ತೋಟದಲ್ಲಿ ಆ ಬಣ್ಣ ಉಳಿದಿಲ್ಲ. ಅವನು “ಬೇರಿನ ಬುಡ ಒಂಚೂರು ಅಂಟ್ಕೊಂಡಿದ್ರೆ ಸಾಕು ಅಕ್ಕಾ, ಮರಿ ಬತ್ತೈತೆ” ಎಂದದ್ದಕ್ಕೆ, ಒಡೆದ ಗೆಡ್ಡೆಯ ಚೂರುಗಳಿಗೆ ಬೂದಿ ಸವರಿ ಮರಳಿನ ಕುಂಡಗಳಲ್ಲಿ ಇಟ್ಟೆ. ಈಗ ಪದರಗಳ ಸಂದಿಯಲ್ಲಿ ಬೆಳ್ಳುಳ್ಳಿ ಎಸಳಿನಂಥ ಮರಿಗಳು ಬಂದಿವೆ. ಒಂದು ಹೂ ಕಿತ್ತುಕೊಂಡು ಮನೆ ತುಂಬ ಮಕ್ಕಳನ್ನು ಕೊಟ್ಟ ತಮ್ಮನ್ನು ಸರ್ಕಾರ ತೋಟಗಾರಿಕೆ ಅಧಿಕಾರಿಯನ್ನಾಗಿ ಮಾಡಿ ಜೀಪು ಕೊಡಬೇಕು. ಆದರೆ ಈ ಮರಿಗಳು ಹೂ ಬಿಡಲು ಮೂರು ವರ್ಷ ಬೇಕಂತೆ. ಅದನ್ನು ಅತ್ತೆಗೆ ಹೇಳುವ ಬಾಯಿ ನನಗಿಲ್ಲ. ದಯವಿಟ್ಟು ತಾವೇ ಕೊಂಬು ತಗ್ಗಿಸಿ ಹೋಗಿ, ಮೆಲ್ಲಗೆ ಹೇಳಬೇಕು. ಇಲ್ಲವಾದರೆ ಆ ಮೂರು ವರ್ಷಗಳನ್ನು ದೀಪಾವಳಿಯೊಳಗೆ ಮುಗಿಸಿಕೊಡಬೇಕು.

ಇಷ್ಟು ಬರೆಯುವಾಗ ಅತ್ತೆಯವರೇ ಬಂದು ಏನೆಂದು ಕೇಳಿದರು. ಬೇರೆ ದಾರಿ ಕಾಣದೆ ಎಲ್ಲವನ್ನೂ ಓದಿದೆ. ಆಮೇಲೆ ಕುಂಡವೊಂದನ್ನು ತಡವಿ “ಮೂರ್ ವರ್ಸ್ವಾ? ಆಗ್ಲಿ ಬುಡು, ಇರ್ತೀನಿ” ಎಂದರು. ಇಷ್ಟು ದಿನ “ಓಗೋ ಕಾಲ್ದಾಗ ಯಾಕೆ” ಎಂದು ತಳ್ಳಿಹಾಕುತ್ತಿದ್ದವರು, ಸಂಜೆ ಮಗನನ್ನು ಕರೆದು, ಸೇಲಂಗೆ ಕರೆದೊಯ್ದು ಕಣ್ಣಿಗೆ ಆಪರೇಷನ್ ಮಾಡಿಸೆಂದು ಅಪ್ಪಣೆ ಕೊಟ್ಟರು.

ತಮ್ಮ ಹುರುಳಿಯ ಹಾಗೂ ಸಿಟ್ಟಿನ ವಿಶ್ವಾಸಿ,
ಚೌಡಮ್ಮ

ತಾ.ಕ.: ಅತ್ತೆಯವರ ಮೂರು ವರ್ಷ ಗಟ್ಟಿಯಾಯಿತು. ತಮ್ಮದು ಹೇಗೋ ಕಾಣೆ; ಟಗರು ಕಡಿಯುವ ಆಡಿ ಹಬ್ಬ ಹತ್ತಿರವಿದೆ, ತಮ್ಮ ತೂಕವನ್ನು ಊರಿನವರು ಆಗಲೇ ವಿಚಾರಿಸುತ್ತಿದ್ದಾರೆ. ಮುಂದೆ ಗೂಟ ಹೊಡೆಯುವ ಮೊದಲು ಹೆಂಡತಿಯನ್ನು ಒಂದು ಮಾತು ಕೇಳಬೇಕೆಂದು ತಮ್ಮ ಯಜಮಾನರಿಗೆ ಕಲಿಸಿದರೆ, ತಮ್ಮ ಪರವಾಗಿ ನಾನೂ ಒಂದು ಮಾತು ಆಡಿಯೇನು.