ಹೋಗ್ತೀರಾ ಎಂದು ಕೇಳುವ ಆ್ಯಪ್

ಶಿರಸಿಯ ನಮ್ಮ ಆಫೀಸಿನಲ್ಲಿ ಕೋಡ್ ಬರೆಯುವವರು ನಾನೂ ಸೇರಿ ಇಬ್ಬರೇ. ಫಜೀತಿಗೆ ಮಾತ್ರ ಒಂದು ದಿನವೂ ರಜೆಯಿಲ್ಲ.

ಕಿವಿ

ಸಿದ್ದಾಪುರದ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ಜೇನು ಸಾಕುವವರ ಸಂಘಕ್ಕೆ ಅವಳು ಮಾಡುತ್ತಿದ್ದ ಆ್ಯಪ್ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ ದಾರಿ. ಪಾಪ, ಊಟವೂ ಸೇರುತ್ತಿರಲಿಲ್ಲ.

ತುಂಬಿದ ವಿವರ ಉಳಿಸದೆ ಯಾರಾದರೂ ಹಿಂದೆ ಹೋಗುವ ಬಟನ್ ಒತ್ತಿದರೆ 'ಹೋಗುತ್ತೀರಾ?' ಎಂದು ಆ್ಯಪ್ ಕೇಳಬೇಕು. ಅದಕ್ಕೆ, ನಾವು ಆ್ಯಪ್ ಕಟ್ಟುವ ರಿಯಾಕ್ಟ್‌ನಲ್ಲಿ, ಹುಕ್ ಎಂಬ ಕೋಡಿನ ತುಂಡೊಂದನ್ನು ತಾನೇ ಬರೆದು ಲಿಸನರ್ ಕೂರಿಸಿದ್ದಳು. ಬಟನ್ನಿಗೆ ಕಾದು ಕೂತ ಕಿವಿ ಅದು. ವಿವರ ಉಳಿಸಿದ ಮೇಲೆ ಅದನ್ನು ತೆಗೆಯಬೇಕು.

"ಕೆಲಸ ಆದ್ಮೇಲೂ ಆ ಕಿವಿ ಎಂತಕ್ಕೆ? ತೆಗ್ದು ಒಗಿಯೇ!" ಎಂದೆ ಜೋರಾಗಿ.

ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದ ಮಾಲೀಕರ ದನಿ ಬಂತು: "ಎನಗೆ ಎಂತದೂ ಕೇಳಿದ್ದಿಲ್ಲೆ ಮಾರಾಯ್ತೀ!"

ಹೋಗ್ತೆ ಹೇಳಲಾಗ

ಸಂಘದವರಿಗೆ ತೋರಿಸುವ ದಿನ ಬೆಳಿಗ್ಗೆ, ಒಮ್ಮೆ ಪರೀಕ್ಷಿಸೋಣವೆಂದು ಮಾಲೀಕರ ಅಮ್ಮನ ಕೈಗೆ ಫೋನ್ ಕೊಟ್ಟೆವು. ಅವರು ಹಿಂದೆ ಹೋಗಲು ಒತ್ತಿದರು, 'ಹೋಗುತ್ತೀರಾ?' ಬಂತು. ಕೆಳಗೆ 'ಹೋಗುತ್ತೇನೆ', 'ಇರುತ್ತೇನೆ'. ಅಮ್ಮ ಬೆರಳು ಎತ್ತಿಕೊಂಡೇ ಕೂತರು.

"ಹೋಗುತ್ತೇನೆ ಒತ್ತಿ, ಅಮ್ಮಾ."

"ಥೋ! ಹೋಪಕಾರೆ ಯಾರಾದ್ರೂ ಹೋಗ್ತೆ ಹೇಳ್ತ್ವಾ? ಹೋಗಿ ಬತ್ತೆ ಹೇಳವು."

ಹುಡುಗಿ ಗಡಿಬಿಡಿಯಲ್ಲಿ ಬಟನ್ನಿನ ಮಾತನ್ನು 'ಹೋಗಿ ಬರುತ್ತೇನೆ' ಎಂದು ಬದಲಿಸಿದಳು. ಅಮ್ಮ ಒತ್ತಿದರು. ಒತ್ತಿ, ಫೋನಿಗೆ "ಬತ್ತೆ ಹಂಗಾರೆ" ಎಂದು ಬೇರೆ ಹೇಳಿದರು.

ಗೇಟಿನವರೆಗೆ

ಆ ಗಡಿಬಿಡಿಯೇ ಮುಳುವಾಯಿತು. ಮಾತು ಬದಲಿಸುವಾಗ ಹುಡುಗಿ ಕಿವಿಯಾಗಿ ಹಾಕಿದ ಫಂಕ್ಷನ್ ಒಂದು, ತೆಗಿ ಎಂದು ತೋರಿಸಿದ್ದು ಇನ್ನೊಂದು. ಹಾಕಿದ್ದನ್ನೇ ತೋರಿಸದಿದ್ದರೆ ಆ್ಯಪ್ ನಡೆಸುವ ಬ್ರೌಸರ್ ಅದನ್ನು ತೆಗೆಯುವುದಿಲ್ಲ. ಹಳೆಯ ಕಿವಿಗಳು ಉಳಿದೇ ಇದ್ದವು, ಮೇಲಿಂದ ಹೊಸವೂ ಸೇರಿದವು.

ಸಂಘದ ಅಧ್ಯಕ್ಷರು ವಿವರ ತುಂಬಿ, ಉಳಿಸಿ, ಹಿಂದೆ ಹೋಗಲು ಒತ್ತಿದರು. 'ಹೋಗುತ್ತೀರಾ?' 'ಹೋಗಿ ಬರುತ್ತೇನೆ' ಒತ್ತಿದರು. ಮತ್ತೆ 'ಹೋಗುತ್ತೀರಾ?' ಮತ್ತೆ ಒತ್ತಿದರು. ಮತ್ತೆ! ಹುಡುಗಿಯ ಕಣ್ಣಲ್ಲಿ ನೀರು.

ಅಧ್ಯಕ್ಷರು ಬಿದ್ದು ಬಿದ್ದು ನಕ್ಕರು. "ಪಕ್ಕಾ ನಮ್ಮೂರ ಬದಿ ಆ್ಯಪ್ ಇದು! ಗೇಟಿನ ತನಕ ಬಂದು, ಹೊಂಟ್ರಾ, ಹೊಂಟೇಬಿಟ್ರಾ ಕೇಳದೆ ನಾವು ಯಾವ ನೆಂಟರನ್ನ ಕಳಿಸಿದ್ದು?"

ಆ್ಯಪ್ ಒಪ್ಪಿಗೆಯಾಯಿತು. ಹುಡುಗಿಯ ಕೆಲಸವೂ ಕಾಯಂ ಆಯಿತು. ಸಂಜೆಯೊಳಗೆ ಅವಳು ಹುಕ್ ಸರಿಮಾಡಿ, ಉಳಿಸಿದ ಮೇಲೆ ಕೇಳದಂತೆ ಮಾಡಿದಳು.

ಮರುದಿನ ಹುಡುಗಿಗೆ ಅಧ್ಯಕ್ಷರ ಫೋನ್. ದನಿ ಸಪ್ಪಗಿತ್ತು.

"ಕೂಸೇ, ನಿನ್ನ ಆ್ಯಪ್ ಇವತ್ತು ಒಂದು ಮಾತೂ ಕೇಳದೆ ಕಳಿಸ್ಬಿಡ್ತಲ್ಲೇ. ಎನ್ನಿಂದ ಎಂತ ತಪ್ಪಾತು?"