ಎರಡನೇ ಜ್ವರದ ರೀಲ್ಸು

ಭಾವನ ಮೊಬೈಲಿಗೆ ಎಐ ಬಂದ ಮೇಲೆ ಅಕ್ಕನ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಅಲ್ಲಿ ಇಲ್ಲದಿದ್ದರೆ, ಫೋನ್ ಮಾಡಿ ಕರೆಸಿಕೊಂಡು ಆಮೇಲೆ ಶುರುಮಾಡುತ್ತಾರೆ.

ಶಿಡ್ಲಘಟ್ಟದ ಹತ್ತಿರ ಅಕ್ಕನದು ಚಾಕಿ ಕೇಂದ್ರ. ರೇಷ್ಮೆ ಹುಳಗಳನ್ನು ಮೊಟ್ಟೆಯಿಂದ ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಮಾರುತ್ತಾಳೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಎಐಗೆ ಗೊತ್ತಿಲ್ಲ.

ಮೊನ್ನೆ, ಇಡೀ ಬ್ಯಾಚು ಕೊಳ್ಳಲು ಒಪ್ಪಿಕೊಂಡಿದ್ದ ರೈತರು ತಮ್ಮ ತೋಟದ ಹಿಪ್ಪುನೇರಳೆ ಸೊಪ್ಪಿಗೆ ರೋಗ ಬಿತ್ತೆಂದು ಹುಳ ಬೇಡವೆಂದರು. ಹುಳಗಳು ಆಗಲೇ ಜ್ವರದಿಂದ ಎದ್ದಿದ್ದವು. ಎದ್ದ ಹುಳದ ಹಸಿವು ರಾಕ್ಷಸರ ಹಸಿವು. ಅಕ್ಕನ ತೋಟದಲ್ಲಿ ಉಳಿದಿದ್ದದ್ದು ಎರಡು ದಿನದ ಸೊಪ್ಪು. ಅಷ್ಟರೊಳಗೆ ಮಾರಾಟವಾಗದಿದ್ದರೆ ಅಷ್ಟೂ ಹುಳ ತಿಪ್ಪೆಗೆ.

"ರೀಲ್ಸ್ ಬಿಡಣ," ಎಂದರು ಭಾವ.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವವನು. ನನ್ನನ್ನು ಕರೆಸಿದ್ದು ಮೊಬೈಲ್ ಹಿಡಿದುಕೊಳ್ಳಲು.

೧. ಆತ್ಮವಿಶ್ವಾಸ

"ನೋಡಪ್ಪ, ಹುಳ ಮಾರ್ಬೇಕು. ಜನ ಬಾಯ್ಬಿಟ್ಕೊಂಡು ನೋಡೋ ಹಂಗೆ ಮೂವತ್ತು ಸೆಕೆಂಡಿಗೆ ಬರ್ಕೊಡಪ್ಪ," ಎಂದು ಭಾವ ಫೋನಿಗೆ ಹೇಳಿದರು. ಎಐ ಅಪ್ಪ ಬರೆದುಕೊಟ್ಟಿತು. ಅಕ್ಕ ಶಾಲೆಯ ಪಾಠದಂತೆ ಓದಿದಳು: "ನಿಲ್ಲಿ! ಸ್ಕ್ರೋಲ್ ಮಾಡಬೇಡಿ! ಹುಬ್ಬು ಏರಿಸಿ. ಎರಡು ಸೆಕೆಂಡು ಮೌನ. ನಿಮ್ಮ ಬದುಕು ಬದಲಾಗಲಿದೆ. ಆತ್ಮವಿಶ್ವಾಸದ ನಗು."

"ಬ್ರಾಕೆಟ್ಟಲ್ಲಿರೋದನ್ನ ಓದಬಾರ್ದು ಕಣೇ, ಮಾಡ್ಬೇಕು!"

"ಮೊದ್ಲೇ ಬೊಗಳೋಕೇನಾಗಿತ್ರೀ?"

ಎರಡನೇ ಸಲ ಬ್ರಾಕೆಟ್ಟಿನದನ್ನು ಮಾತ್ರ ಮಾಡಿದಳು. ಹುಬ್ಬೇರಿಸಿ, ಒಂದೂ ಮಾತಾಡದೆ, ಮೂವತ್ತು ಸೆಕೆಂಡು ಕ್ಯಾಮೆರಾ ನೋಡಿದಳು. ಅದಕ್ಕೆ ಬಂದದ್ದು ಒಂದೇ ಕಾಮೆಂಟು: "ಅಕ್ಕ, ನಾನೇನು ತಪ್ಪು ಮಾಡ್ದೆ?"

೨. ಬೆಟ್ಟ

ಸುಂದರ ತಾಣದಲ್ಲಿ, ಸೂರ್ಯೋದಯದ ಹೊತ್ತಿಗೆ ಚಿತ್ರೀಕರಿಸಿದರೆ ನೋಡುಗರು ಹೆಚ್ಚುತ್ತಾರೆ ಎಂದಿತು ಎಐ. ಸ್ಕಂದಗಿರಿಯ ತುದಿಗೆ ಎಷ್ಟು ಟ್ರೇ ಹುಳ ಹೊರಬಹುದೆಂದು ಭಾವ ಲೆಕ್ಕ ಹಾಕತೊಡಗಿದರು.

"ಹುಳ ಇಲ್ಲೇ ಇರ್ಲಿ. ನೀವು ಹತ್ತಿ," ಎಂದಳು ಅಕ್ಕ. "ಇಳೀಬೇಡಿ."

೩. ಕಥಾನಾಯಕ

ಪ್ರತಿ ಕಥೆಗೂ ಒಬ್ಬ ನಾಯಕ ಬೇಕಂತೆ. ಈ ಸಲ ನಾಯಕ ಹುಳ. ಹುಳದ ದನಿ ಭಾವನದು. "ನಾನೊಂದು ಪುಟ್ಟ ಹುಳ. ಇಂದು ಜಗತ್ತು ನನ್ನನ್ನು ಕಡೆಗಣಿಸಬಹುದು. ಆದರೆ ಒಂದು ದಿನ ಗೂಡನ್ನು ಸೀಳಿಕೊಂಡು, ರೆಕ್ಕೆ ಬಿಚ್ಚಿ, ಆಕಾಶಕ್ಕೆ ಹಾರುತ್ತೇನೆ!"

ಹುಳ ಗೂಡು ಸೀಳಿದರೆ ನೂಲು ಬರುವುದಿಲ್ಲ, ಆ ಗೂಡನ್ನು ಯಾರೂ ಮೂಸುವುದೂ ಇಲ್ಲ. ಶಿಡ್ಲಘಟ್ಟದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ವಿಷಯ. ಭಾವನಿಗೂ ಗೊತ್ತು. ಆದರೂ ಕೊನೆಯ ಸಾಲಿಗೆ ಅವರ ಕಣ್ಣಲ್ಲಿ ನೀರು.

ಸಂಜೆ ಒಬ್ಬ ರೈತ ಫೋನ್ ಮಾಡಿದ. "ಅಣ್ಣ, ಹಾರದೇ ಇರೋ ಹುಳ ಇದ್ರೆ ಹೇಳಣ್ಣ."

೪. ಜ್ವರ

ಮರುದಿನ ಬೆಳಿಗ್ಗೆ ಸೊಪ್ಪು ಉಳಿದದ್ದು ಒಂದೇ ದಿನಕ್ಕೆ. ಅಕ್ಕ ಫೋನ್ ಕಿತ್ತುಕೊಂಡಳು. "ನಾಟಕ ಬೇಡಪ್ಪ. ಇಷ್ಟೇ ಬರ್ಕೊ. ನಮ್ ಹುಳ ಎರಡು ಜ್ವರ ಎದ್ದವೆ. ಮೂರನೇ ಜ್ವರದೊಳಗೆ ತಗೊಂಡೋಗಿ."

ಅವಳು ಸೊಪ್ಪು ಹಾಕಲು ಒಳಗೆ ಹೋದಳು. ಎಐ ಬರೆದುಕೊಟ್ಟದ್ದನ್ನು ಭಾವ ಇದ್ದಹಾಗೇ, ಭಾವಪೂರ್ಣವಾಗಿ ಓದಿ, ನಾನು ಬಾಯಿ ತೆರೆಯುವಷ್ಟರಲ್ಲಿ ಬಿಟ್ಟೇಬಿಟ್ಟರು.

"ಎರಡು ಬಾರಿ ಜ್ವರದಿಂದ ನರಳಿದರೂ ಈ ಹುಳಗಳು ಸೋಲೊಪ್ಪಲಿಲ್ಲ! ಮೂರನೆಯ ಜ್ವರ ಬರುವ ಮುನ್ನ ಇವನ್ನು ಕಾಪಾಡಿ. ಬೆಚ್ಚಗಿನ ನೀರು ಕುಡಿಸಿ. ಜ್ವರ ಇಳಿಯದಿದ್ದರೆ ಹತ್ತಿರದ ವೈದ್ಯರನ್ನು ಕಾಣಿ."

"ಭಾವ, ಓದೋವಾಗ ನಿಮಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಅದು ಇಷ್ಟು ಧೈರ್ಯವಾಗಿ ಹೇಳೋವಾಗ ಏನೋ ಇರತ್ತೆ ಅಂದ್ಕೊಂಡೆ ಕಣಯ್ಯ."

ಮಧ್ಯಾಹ್ನದ ಹೊತ್ತಿಗೆ ಸುತ್ತಲಿನ ತಾಲ್ಲೂಕುಗಳೆಲ್ಲ ನಗುತ್ತಿದ್ದವು. ಗೌರಿಬಿದನೂರಿನಿಂದ ಒಬ್ಬ, "ಥರ್ಮಾಮೀಟರ್ ಕಂಕುಳಲ್ಲಿ ಇಟ್ರಾ, ಬಾಯಲ್ಲಿ ಇಟ್ರಾ?" ಎಂದ. ಚಿಂತಾಮಣಿಯಿಂದ ಒಬ್ಬ ತೆಲುಗಿನಲ್ಲಿ, "ಮಾತ್ರಲು ಇಚ್ಚಿನಾರಾ ಅನ್ನಾ?" ಎಂದ. ಭಾವ ಅದಕ್ಕೂ, "ಇಲ್ಲಪ್ಪ, ಮಾತ್ರೆ ಇನ್ನೂ ಕೊಟ್ಟಿಲ್ಲ," ಎಂದರು.

ಈ ಜೋಕಿಗೆ ನಗಬೇಕಾದರೆ ಹುಳ ಸಾಕಿರಬೇಕು. ಆದ್ದರಿಂದ ನಗುವವರೆಲ್ಲ ಗಿರಾಕಿಗಳು. ಈ ತರ್ಕ ಹೊಳೆದದ್ದು ನನಗಲ್ಲ, ಅಕ್ಕನಿಗೆ. ಫೋನ್ ಕಸಿದುಕೊಂಡು ಒಬ್ಬೊಬ್ಬರಿಗೂ ಒಂದೇ ಮಾತು: "ನಕ್ಕಿದ್ದಾಯ್ತೇನಪ್ಪ? ನಿನ್ ತೋಟದಲ್ಲಿ ಸೊಪ್ಪೆಷ್ಟದೆ?"

ಸಂಜೆಗೆ ಎರಡು ಟೆಂಪೊ ಬಂದು ಕೊನೆಯ ಟ್ರೇವರೆಗೂ ಹೊತ್ತುಕೊಂಡು ಹೋದವು. ಭಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಗದ್ಗದಿತರಾಗಿ ಹೇಳಿದರು: "ಎಲ್ಲಾ ಹುಳಾನೂ ಹೋದ್ವಪ್ಪ."

ಉತ್ತರ ತಕ್ಷಣ ಬಂತು: "ನಿಮ್ಮ ದುಃಖದಲ್ಲಿ ನಾನೂ ಭಾಗಿ. ಜ್ವರದೊಂದಿಗೆ ಅವು ಕೊನೆಯುಸಿರಿನವರೆಗೂ ಹೋರಾಡಿದವು. ಶ್ರದ್ಧಾಂಜಲಿಗೆ ಮೂವತ್ತು ಸೆಕೆಂಡಿನದೊಂದು ಸ್ಕ್ರಿಪ್ಟ್ ಬರೆದುಕೊಡಲೇ?"